ಒಳರೋಗಿಯಾಗಲು ಹೊರಟ ಮಾಲತೇಶ

ಚಿಕ್ಕೇರೂರಿನ ಸಮಸ್ತ ನಾಗರಿಕರಿಗೂ ಸುತ್ತಲಿನ ಹಳ್ಳಿಗಳ ಬಂಧು ಬಳಗಕ್ಕೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಗೋವಿನಜೋಳದ ವ್ಯಾಪಾರಿ ಶ್ರೀಯುತ ಫಕ್ಕೀರಪ್ಪನವರ ಪಿತ್ತಕೋಶದಿಂದ ಹೊರತೆಗೆಯಲಾದ ಕಲ್ಲು ಸುರಕ್ಷಿತವಾಗಿ ಊರು ತಲುಪಿದ್ದು, ಸದರಿ ಕಲ್ಲನ್ನು ಗಾಜಿನ ಸೀಸೆಯಲ್ಲಿಟ್ಟು ಅವರ ಪಡಸಾಲೆಯ ಕಿಟಕಿಯಲ್ಲಿ ಸಾರ್ವಜನಿಕ ದರ್ಶನಕ್ಕೆ ಇಡಲಾಗಿದೆ. ಗಾತ್ರ ಕಡಲೆಕಾಳಿನಷ್ಟು. ಬಣ್ಣ ಬೆಲ್ಲದ್ದು. ಸೀಸೆಯನ್ನು ಅಲ್ಲಾಡಿಸಿ ನೋಡಬಹುದು, ಮುಚ್ಚಳ ತೆಗೆಯುವಂತಿಲ್ಲ.

ಇಂಥದೊಂದು ಪ್ರಕಟಣೆಯನ್ನು ಯಾರೂ ಹೊರಡಿಸಲಿಲ್ಲ. ಹೊರಡಿಸುವ ಅಗತ್ಯವೂ ಬೀಳಲಿಲ್ಲ. ಇದೇ ತಾಲೂಕಿನ ಅಬಲೂರಿನಲ್ಲಿ ಹಳೇ ಗುಡಿಯಿದೆ, ಶಾಸನದ ಕಲ್ಲುಗಳಿವೆ. ಅವು ಪಾಪ ಮಳೆಬಿಸಿಲಿಗೆ ಮೈಯೊಡ್ಡಿಕೊಂಡು ಓದುವವರಿಗಾಗಿ ಕಾಯುತ್ತ ನಿಂತಿದ್ದರೆ, ಇಲ್ಲಿ ಒಂದಕ್ಷರವೂ ಕೆತ್ತದ ಫಕ್ಕೀರಪ್ಪನ ಕಲ್ಲನ್ನು ನೋಡಲು ಪಡಸಾಲೆಯಲ್ಲಿ ಚಪ್ಪಲಿ ಬಿಡಲೂ ಜಾಗವಿರಲಿಲ್ಲ.

ಈ ಕಡೆ ಇದಕ್ಕೆ ‘ಮಾತಾಡ್ಸಾಕ ಹೋಗೂದು’ ಎನ್ನುತ್ತಾರೆ. ದವಾಖಾನೆಯಿಂದ ಮನೆಗೆ ಬಂದವರನ್ನು ಹೋಗಿ ಮಾತಾಡಿಸದಿದ್ದರೆ ಮುಂದೆ ಅವರು ನಮ್ಮನ್ನು ಮಾತಾಡಿಸುವುದಿಲ್ಲ. ಎಲ್ಲಿಯೂ ಬರೆದಿಡದ, ಆದರೆ ಯಾರೂ ಮುರಿಯದ ಕಾನೂನು ಅದು. ಬರೀ ಜ್ವರಕ್ಕೆ ಯಾರೂ ಹೋಗುವುದಿಲ್ಲ. ಸಲಾಯಿನ್ ಹಚ್ಚಿದ್ದರೆ ಓಣಿಯವರು ಇಣುಕುತ್ತಾರೆ. ಅಡ್ಮಿಟ್ ಆಗಿ ಬಂದಿದ್ದರೆ ಊರು. ಹೊಟ್ಟೆ ಕೊಯ್ಸಿಕೊಂಡು ಬಂದಿದ್ದರೆ ಬೀಗರು, ಬೀಗರ ಬೀಗರು. ಬಂದವರು ಬ್ರೆಡ್ಡು ತರಬೇಕು, ಇಲ್ಲವೇ ಬಿಸ್ಕೀಟು. ರೋಗಿಯಾದವನು ಮೊದಲ ನೋವಿನಿಂದ ಕೊನೆಯ ಹೊಲಿಗೆಯವರೆಗೆ ಕಥೆಯನ್ನು ಪ್ರತಿಯೊಬ್ಬರಿಗೂ ಹೊಸದಾಗಿ ಹೇಳಬೇಕು. ಕೇಳುವವರು ಅಲ್ಲಲ್ಲಿ ‘ಅಯ್ಯ ಶಿವನ’ ಎನ್ನಬೇಕು.

ಈ ಕಲೆಯಲ್ಲಿ ಇಡೀ ಊರಿಗೆ ಮಾದರಿ ಎಂದರೆ ಹಿಟ್ಟಿನ ಗಿರಣಿಯ ಮಾಲತೇಶ. ವಯಸ್ಸು ನಲವತ್ತು ದಾಟಿದೆ, ಮದುವೆಯಾಗಿಲ್ಲ, ತಮ್ಮ ಪ್ರಭುವಿನ ಸಂಸಾರದ ಜೊತೆಗಿದ್ದಾನೆ. ಯಾರೇ ದವಾಖಾನೆಯಿಂದ ಇಳಿಯಲಿ, ಮೈಮೇಲಿನ ಹಿಟ್ಟು ಝಾಡಿಸಿಕೊಂಡು ಬ್ರೆಡ್ಡಿನ ಪೊಟ್ಟಣದೊಂದಿಗೆ ಹಾಜರು. ಮಂಚದ ತುದಿಗೆ ಕುಂತು ‘ಅಯ್ಯ ಶಿವನ’ವನ್ನು ಎಲ್ಲಿ ಹಾಕಬೇಕೋ ಸರಿಯಾಗಿ ಅಲ್ಲಿಯೇ ಹಾಕುತ್ತಿದ್ದ.

“ಹಿಡಕೊಂಡು ನೋಡೋ ಮಾಲತೇಶ,” ಎಂದು ಫಕ್ಕೀರಪ್ಪ ಸೀಸೆಯನ್ನು ಅವನ ಅಂಗೈಗೆ ಇಟ್ಟ. “ಇಷ್ಟ ಇಷ್ಟು ಕಲ್ಲು, ಆರಡಿ ಮನಷ್ಯಾನ್ನ ನೆಲಕ್ಕ ಉಳ್ಳಾಡಿಸಿತ್ತಪಾ.”

“ಭಾರಿ ಐತಲ್ರಿ ಕಾಕಾ.”

“ಭಾರಿ ಅಂದ್ರ? ಡಾಕ್ಟರ್ ಗಾಬರಿ ಆದ. ಇಂಥಾದ್ದು ನನ್ನ ಸರ್ವೀಸಿನಾಗ ನೋಡಿಲ್ಲ ಅಂದ.”

“ಎಲ್ಲಾರ್ಗೂ ಹಂಗ ಅಂತಾನವ. ಬಾಜೂ ಕಾಟಿನಾವಗೂ ಅದನ್ನ ಅಂದ, ನಾನ ಕೇಳೇನಿ,” ಎಂದಳು ಚಹಾ ತಂದ ಹೆಂಡತಿ ಸರೋಜವ್ವ. ಕಪ್ಪು ಕೊಡುತ್ತ ಮಾಲತೇಶನ ಮುಖ ನೋಡಿದಳು. “ನೀ ಯಾಕೋ ಹಿಂಗ ಸೊರಗೀ? ಕಣ್ಣು ಒಳಗ ಹೋಗ್ಯಾವಲ್ಲ.”

ಎಷ್ಟೋ ತಿಂಗಳಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ ಪ್ರಶ್ನೆ ಅದು. ಎದುರಿಗೆ ಬಂದು ನಿಂತಾಗ ಬಾಯಿ ಮನೆಯಲ್ಲಿ ಕಲಿಸಿದ ಉತ್ತರವನ್ನೇ ಒಪ್ಪಿಸಿತು.

“ಗ್ಯಾಸ್ ಅಂತ್ರಿ ಕಾಕಿ.”

“ಜೀರಗಿ ನೀರು ಕುಡಿ,” ಎಂದು ಸರೋಜವ್ವ ಒಳಗೆ ಹೋದಳು. ಪ್ರಕರಣ ಮುಗಿಯಿತು.

ಗ್ಯಾಸ್ ಆಗಿರಲಿಲ್ಲ. ಏನಾಗಿತ್ತೆಂದು ಮಾಲತೇಶನಿಗೂ ಹೇಳಲು ಬರುತ್ತಿರಲಿಲ್ಲ. ಹೋದ ಮಳೆಗಾಲದಲ್ಲಿ ಶುರುವಾದದ್ದು. ರೊಟ್ಟಿ ಬಾಯಿಗಿಟ್ಟರೆ ರಟ್ಟು ಅಗಿದಂತೆ. ಕೋಳಿಗೂ ಮೊದಲೇ ಎಚ್ಚರವಾಗಿ ಜಂತಿ ನೋಡುತ್ತ ಬಿದ್ದಿರುವುದು. ಎದ್ದು ಕಾಲು ನೆಲಕ್ಕಿಡುವುದೇ ಒಂದು ಚೀಲ ಜೋಳ ಎತ್ತಿದಷ್ಟು ಭಾರ. ಯಾರೂ ಬೈದಿರಲಿಲ್ಲ, ಯಾರೂ ಸತ್ತಿರಲಿಲ್ಲ, ವ್ಯಾಪಾರವೂ ಕೆಟ್ಟಿರಲಿಲ್ಲ. ಅಳಬೇಕೆನಿಸುತ್ತಿತ್ತು, ಅಳಲು ಒಂದು ಕಾರಣ ಹುಡುಕಿದರೆ ಸಿಗುತ್ತಿರಲಿಲ್ಲ. ಒಮ್ಮೆ ಖಾರಪುಡಿ ಬೀಸಿದ ಕಲ್ಲನ್ನು ಒರೆಸದೆ ಹಾಗೇ ಗೋದಿ ಸುರಿದುಬಿಟ್ಟ. ಆ ಹಿಟ್ಟಿನ ಚಪಾತಿ ತಿಂದ ಸೀಮಂತದ ಮನೆಯವರು ಹಾಡಬೇಕಾದ ಹೊತ್ತಿಗೆ ಹಾಹಾ ಎನ್ನುತ್ತ ಬಾವಿಕಟ್ಟೆಗೆ ಓಡಿದರು. ಊರೆಲ್ಲ ನಕ್ಕಿತು. ತನಗೆ ನಗು ಬರಲಿಲ್ಲವೆಂದು ಮಾಲತೇಶನಿಗೆ ಆಗಲೇ ಹೆದರಿಕೆಯಾದದ್ದು.

ಮಾತಾಡೋಣವೆಂದರೆ ಗಿರಣಿ. ದಿನವಿಡೀ ಮಂದಿ ಬರುತ್ತಾರೆ, ಡಬ್ಬಿ ಇಡುತ್ತಾರೆ, ನಿಲ್ಲುತ್ತಾರೆ. ಆದರೆ ಆ ಗದ್ದಲದಲ್ಲಿ ಬಾಯಿ ತೆರೆದವರು ಕೂಗಲೇಬೇಕು. ‘ಸಣ್ಣಗ ಬೀಸೋ’ ಎಂದು ಕೂಗಬಹುದು. ‘ಹೆಂಗದೀಯೋ’ ಎಂದು ಯಾರು ಕೂಗುತ್ತಾರೆ?

ಮನೆಯಲ್ಲಿ ರೋಗಕ್ಕೆ ಗ್ಯಾಸ್ ಎಂದು ನಾಮಕರಣ ಮಾಡಿದವಳು ಪ್ರಭುವಿನ ಹೆಂಡತಿ ನೇತ್ರಾ. ಕೆಟ್ಟ ಹೆಂಗಸಲ್ಲ. ಮಗಳು ತನುಜಾಳಿಗೆ ತಡಸದಿಂದ ಒಂದು ಸಂಬಂಧ ಬಂದಿತ್ತು. ಮಾತುಕತೆ ಅರ್ಧಕ್ಕೆ ನಿಂತ ಹೊತ್ತಿನಲ್ಲಿ ‘ಹುಡುಗಿಯ ದೊಡ್ಡಪ್ಪನ ತಲಿ ಸರಿ ಇಲ್ಲಂತ’ ಎಂಬ ಸುದ್ದಿ ತಡಸ ಮುಟ್ಟಿದರೆ ಮುಗಿಯಿತು. ಹೊಟ್ಟೆಯೊಳಗಿನ ಗ್ಯಾಸಿಗೆ ಯಾವ ಬೀಗರೂ ಸಂಬಂಧ ಮುರಿಯುವುದಿಲ್ಲ, ತಲೆಯೊಳಗಿನ ಗಾಳಿಗೆ ಮುರಿಯುತ್ತಾರೆ.

ಹೀಗಿರುವಾಗ ಒಂದು ಮಧ್ಯಾಹ್ನ ಮೈಕಿನ ಗಾಡಿಯೊಂದು ಊರೊಳಗೆ ಬಂತು. ಕರೆಂಟ್ ಹೋಗಿ ಗಿರಣಿ ನಿಂತಿತ್ತು, ಇಲ್ಲದಿದ್ದರೆ ಕೇಳಿಸುತ್ತಲೇ ಇರಲಿಲ್ಲ. ‘ಮನಸ್ಸಿನ ಕಾಯಿಲೆಯೂ ಕಾಯಿಲೆಯೇ, ನಾಚಿಕೊಳ್ಳಬೇಡಿ’ ಎಂದು ಕೂಗಿ ಗಾಡಿ ತಾನೇ ನಾಚಿಕೊಂಡಂತೆ ತಿರುವಿನಲ್ಲಿ ಮರೆಯಾಯಿತು. ಮಾಲತೇಶ ಅಂಗಿ ಬದಲಿಸಿ ಬಸ್ಸು ಹತ್ತಿದ. ಹಾನಗಲ್ಲಿನಲ್ಲಿ ಇಳಿಯಲಿಲ್ಲ, ಅಲ್ಲಿ ಪರಿಚಯದವರು ಬಹಳ. ಬಸ್ಸು ಬದಲಿಸಿ ಶಿಗ್ಗಾಂವಿಗೆ ಹೋದ. ಅಲ್ಲೊಂದು ಖಾಸಗಿ ದವಾಖಾನೆ, ಅದರಲ್ಲಿ ಮನಸ್ಸಿನ ಡಾಕ್ಟರು. ಗಡ್ಡದ ಮುದುಕ ಇರಬಹುದೆಂದುಕೊಂಡು ಪರದೆ ಸರಿಸಿದರೆ ಒಳಗೆ ಕುಂತಿದ್ದವಳು ಮದಿಹಾ, ಸವಣೂರಿನ ಹುಡುಗಿ. ಆಳು ಸವಣೂರಿನ ವೀಳ್ಯದೆಲೆಯಂತೆ ತೆಳ್ಳಗೆ, ಮಾತು ಸವಣೂರಿನ ಖಾರ.

“ಏನಾಗೈತ್ರಿ?”

“ಗ್ಯಾಸ್ ಅಂತಾರ್ರಿ ಮೇಡಮ್ಮರ.”

“ಗ್ಯಾಸಿಗೆ ನನ್ನ ಕಡೆ ಯಾಕ ಬಂದ್ರಿ? ನಾ ಸಿಲಿಂಡರ್ ಇಟ್ಟಿಲ್ಲ.”

ಎಷ್ಟೋ ದಿನಗಳ ಮೇಲೆ ಮಾಲತೇಶನ ತುಟಿಯ ಒಂದು ತುದಿ ಅಲುಗಿತು. ಆಮೇಲೆ ಎಲ್ಲ ಹೇಳಿದ. ಅವಳು ನಡುವೆ ಬಾಯಿ ಹಾಕಲಿಲ್ಲ. ಹೊರಗೆ ಗಿರಣಿಯ ಸದ್ದಿಲ್ಲದೆ ತನ್ನ ದನಿ ತನಗೇ ಕೇಳುವುದು ಅವನಿಗೆ ವಿಚಿತ್ರವೆನಿಸಿತು.

“ಯಾವುದರಾಗರ ಖುಷಿ ಅನ್ನಸ್ತೈತಿ?”

“ಕರೆಂಟ್ ಹೋದ್ರ ಅನ್ನಸ್ತೈತ್ರಿ. ಶಾಂತ ಆಕ್ಕೈತಿ. ಆದ್ರ ಕರೆಂಟ್ ಹೋತು ಅಂತ ಮಂದೀನೂ ಎದ್ದು ಹೋಗಿಬಿಡ್ತಾರ.”

“ಜೀವ ಕಳಕೋಬೇಕು ಅಂತ ಯಾವಾಗರ ಅನಿಸೇತಿ? ನಾಚಬ್ಯಾಡ್ರಿ, ಎಲ್ಲಾರ್ನೂ ಕೇಳ್ತೇನಿ.”

“ಇಲ್ರಿ. ಹಂಗೇನಿಲ್ಲ. ಇದ್ದೂ ಇಲ್ಲದಂಗ ಇರೂದು ಸಾಕಾಗೈತಿ ಅಷ್ಟ.”

ಅವಳು ತಲೆಯಾಡಿಸಿ ಬರೆದುಕೊಂಡಳು. ಮಾಲತೇಶ ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆಳೆದುಕೊಂಡ. “ಮೇಡಮ್ಮರ, ಒಂದು ತಲೀದು ಫೋಟೋ ತಗಸ್ರಿ. ಎಲ್ಲಿ ಕೆಟ್ಟೈತಿ ಅಂತ ಕಾಣತೈತಂತಲ್ಲ? ಒಂದು ಕಲ್ಲೋ ಗಂಟೋ ಸಿಕ್ರ ಮಂದಿಗೆ ತೋರಸಾಕ ಬರ್ತೈತಿ.”

“ಏನೂ ಕಾಣೂದಿಲ್ರಿ ಅದರಾಗ.”

“ಅಂದ್ರ ರೋಗ ಇಲ್ಲೇನು?”

“ಮೊಬೈಲ್ ಟಾವರಿನ ಫೋಟೋ ತಗದ್ರ ರೇಂಜ್ ಐತೋ ಇಲ್ಲೋ ಅಂತ ಕಾಣತೈತೇನು?” ಎಂದಳು ಮದಿಹಾ. “ಕಬ್ಬಿಣ ಎಲ್ಲಾ ನೆಟ್ಟಗ ಇರ್ತೈತಿ. ಸುದ್ದಿ ಮಾತ್ರ ಹೋಗವಲ್ದು. ನೋಡ್ರಿ, ಮನಸ್ಸು ಅಂದಕೂಡ್ಲೆ ನೀವು ಎದಿ ಮುಟ್ಟಿಕೊಂಡ್ರಿ. ಮುಟ್ಟಿಕೊಳ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ನಿದ್ದಿ, ಹಸಿವಿ, ನಗು, ಎದ್ದು ಕೆಲಸಕ್ಕ ಹೋಗಬೇಕು ಅನ್ನೂ ಹುರುಪು, ಇವನ್ನೆಲ್ಲಾ ನಡಸೂದು ಮೆದುಳು. ಅಲ್ಲಿ ನರದಿಂದ ನರಕ್ಕ ಸುದ್ದಿ ಹೋಗಬೇಕು. ನಿಮಗ ಆ ನಡಸೂದ್ರಾಗ ಏರುಪೇರು ಆಗೈತಿ. ಪೂರಾ ಹೆಂಗ ಅಂತ ನಮಗೂ ಇನ್ನೂ ತಿಳದಿಲ್ಲ. ಗುಳಿಗಿ ಕೊಡ್ತೇನಿ, ಗುಣಾ ಹತ್ತಾಕ ಎರಡು ಮೂರು ವಾರ ಬೇಕು. ಅಲ್ಲೀತನಾ ಬಿಡಬಾರದು.”

“ಹಂಗಾರ ನನ್ನ ಬೆಲ್ಟು ಜಾರೇತಿ ಅನ್ರಿ.”

“ಮೆದುಳು ಗಿರಣಿ ಅಲ್ರಿ. ಗಿರಣಿಗೆ ಒಬ್ಬರ ಇದ್ರ ಬ್ಯಾಸರ ಬರೂದಿಲ್ಲ. ಮೆದುಳಿಗೆ ಬರ್ತೈತಿ. ಭಾಳ ದಿನ ಒಂಟಿ ಇದ್ರ ಅದೂ ಮೆದುಳಿಗೆ ತಾಕತೈತಿ, ನಾಕು ಮಂದಿ ಜೋಡಿ ಕುಂತು ಮಾತಾಡಿದ್ರ ಅದೂ ತಾಕತೈತಿ.”

“ಅಂದ್ರ ಮಂದಿ ಬಂದು ಮಾತಾಡಸೂದೂ ಔಷಧಾನ?”

“ಗುಳಿಗಿ ಬಿಟ್ಟು ಅಲ್ಲ ಮತ್ತ. ಗುಳಿಗಿ ಜೋಡಿ ಮಂದಿ.”

ಮಹಾಯೋಜನೆ ಹುಟ್ಟಿದ್ದು ಮರಳಿ ಬರುವ ಬಸ್ಸಿನಲ್ಲಿ, ಕಿಟಕಿಯ ಪಕ್ಕದ ಸೀಟಿನಲ್ಲಿ. ಗುಳಿಗೆ ಅಂಗಡಿಯಲ್ಲಿ ಸಿಕ್ಕಿತ್ತು. ಮಂದಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅವರು ಸಿಗುವುದು ಅಡ್ಮಿಟ್ ಆಗಿ ಬಂದವರಿಗೆ ಮಾತ್ರ. ಅವನ ಚೀಟಿಯ ಮೇಲೆ ‘ಹೊರರೋಗಿ’ ಎಂದು ಮುದ್ರೆಯಿತ್ತು. ರೋಗವೇನೋ ಒಳಗಿನದು, ರೋಗಿ ಮಾತ್ರ ಹೊರಗಿನವನು. ಊರಿನ ಕಾನೂನಿನ ಪ್ರಕಾರ ಹೊರರೋಗಿಗೆ ಒಂದು ತುಂಡು ಬ್ರೆಡ್ಡೂ ಬರುವುದಿಲ್ಲ. ಹಾಗಾದರೆ ಅಡ್ಮಿಟ್ ಆಗಬೇಕು. ಒಂದು ರಾತ್ರಿಯಾದರೂ ಸರಿ. ಊರು ತಾನಾಗಿ ಬರುತ್ತದೆ, ಮಂಚದ ಸುತ್ತ ಕೂರುತ್ತದೆ, ‘ಏನಾಗಿತ್ತೋ ಮಾಲತೇಶ’ ಎಂದು ಕೇಳುತ್ತದೆ. ಆಗ ಗ್ಯಾಸ್ ಎನ್ನಬಾರದು, ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಕು. ತೋರಿಸಲು ಕಲ್ಲಿಲ್ಲದಿದ್ದರೆ ಏನಾಯಿತು, ಹೇಳಲು ಕಥೆಯಿದೆ. ತಡಸದವರ ನೆನಪೂ ಬಂತು. ಆದರೆ ರೋಗ ಮುಚ್ಚಿಟ್ಟು ಮಾಡಿದ ಮದುವೆಗಿಂತ ಬಿಚ್ಚಿಟ್ಟು ಮಾಡಿದ್ದು ಗಟ್ಟಿಯೆಂದು ಹಾನಗಲ್ ಬರುವಷ್ಟರಲ್ಲಿ ತನಗೆ ತಾನೇ ಒಪ್ಪಿಸಿಕೊಂಡ.

ತಯಾರಿ ಶುರುವಾಯಿತು. ಹಿತ್ತಲಿನ ಕೋಣೆಯಲ್ಲಿದ್ದ ಮಂಚ ಪಡಸಾಲೆಗೆ ಬಂತು. ಕುಂತವರ ಬೆನ್ನಿಗೆ ಗೋಡೆ ಸಿಗಲೆಂದು ಕಿಟಕಿಯಿಂದ ಸ್ವಲ್ಪ ಈಚೆಗೆ. ಹಾನಗಲ್ಲಿನಿಂದ ಹೂವಿನ ಚಾದರ ಬಂತು.

“ಭಾವಾರ, ಮಂಚ ಯಾಕ ಹೊರಗ ತಂದ್ರಿ?” ಎಂದಳು ನೇತ್ರಾ.

“ಇಲ್ಲಿ ಗಾಳಿ ಬರ್ತೈತಬೇ.”

“ಗ್ಯಾಸ್ ಆದಾವ್ರು ಮತ್ತ ಗಾಳಿ ಯಾಕ ತಗೋತೀರಿ?”

ಕಥೆಯ ತಾಲೀಮು ಗಿರಣಿಯಲ್ಲಿ. ಮೋಟರು ಚಾಲೂ ಮಾಡಿ, ಜೋಳ ಸುರಿದು, ಮಾಲತೇಶ ತನ್ನ ರೋಗವನ್ನು ಮೊದಲಿನಿಂದ ಗಟ್ಟಿಯಾಗಿ ಹೇಳಲು ತೊಡಗುತ್ತಿದ್ದ. ಮಳೆಗಾಲದಿಂದ ಶುರು. ರೊಟ್ಟಿಯ ರುಚಿ ಹೋದದ್ದು ಎಲ್ಲಿ ಬರಬೇಕು, ಜಂತಿ ಎಲ್ಲಿ, ನಗು ಬರದೇ ಹೆದರಿದ್ದು ಎಲ್ಲಿ. ಎದುರಿಗೆ ಡಬ್ಬಿ ಹಿಡಿದು ನಿಂತವರಿಗೆ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ಇಡೀ ಊರಿನ ಎದುರು ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದ, ಒಬ್ಬರಿಗೂ ಒಂದಕ್ಷರ ಮುಟ್ಟುತ್ತಿರಲಿಲ್ಲ. ‘ಗಿರಣಿ ಮಾಲತೇಶ ಬೀಸೂ ಮುಂದ ಮಂತ್ರ ಹೇಳ್ತಾನ, ಅದಕ್ಕ ಹಿಟ್ಟು ಮೆತ್ತಗಾಕ್ಕೈತಿ’ ಎಂದು ಹೊಸ ಸುದ್ದಿ ಹುಟ್ಟಿ ಗಿರಾಕಿ ಹೆಚ್ಚಾದರು. ಗದ್ದಲವೂ ಹೆಚ್ಚಾಯಿತು.

ಮುಂದಿನ ತಪಾಸಣೆಯ ದಿನ ಮಾಲತೇಶ ಎರಡು ಜೊತೆ ಬಟ್ಟೆ, ಟಾವೆಲ್ಲು, ಲೋಟ ತುಂಬಿದ ಚೀಲದೊಂದಿಗೆ ಮದಿಹಾಳ ಮುಂದೆ ಕುಂತ.

“ಗುಳಿಗಿ ತಗೊಳಾಕತ್ತೀರಿ?”

“ತಪ್ಪಿಸಿಲ್ರಿ. ನಿದ್ದಿ ಒಂಚೂರು ಬರಾಕತ್ತೈತಿ. ಆದ್ರ ಅಡ್ಮಿಟ್ ಮಾಡ್ಕೊಳ್ರಿ ನನ್ನ.”

“ಯಾಕ? ಅಷ್ಟು ಜರೂರಿಲ್ರಿ ನಿಮಗ.”

ಅವನು ನಿಜವನ್ನೇ ಹೇಳಿದ. ಬ್ರೆಡ್ಡಿನ ಕಾನೂನು, ಮಂಚ, ಚಾದರ, ಎಲ್ಲವನ್ನೂ. ಮದಿಹಾ ನಕ್ಕಳು. ನಗು ಅರ್ಧಕ್ಕೆ ನಿಂತಿತು. ತೂಕದ ಯಂತ್ರದ ಮೇಲೆ ನಿಲ್ಲಿಸಿದಳು, ಬಿಪಿ ನೋಡಿದಳು. ತೂಕ ಹೋದ ಸಲಕ್ಕಿಂತ ಇಳಿದಿತ್ತು.

“ಊಟ ಸೇರವಲ್ದು, ಗುಳಿಗೀನೂ ಏರಸಬೇಕು. ಎರಡು ದಿನ ಇರ್ರಿ ಇಲ್ಲೇ, ಕಣ್ಣಮುಂದ ಇಟ್ಕೊಂಡು ನೋಡ್ತೇನಿ,” ಎಂದು ಚೀಟಿ ಬರೆದಳು. “ಮಂದಿ ಸಲುವಾಗಿ ಅಲ್ಲ ಮತ್ತ, ತೂಕದ ಸಲುವಾಗಿ.”

ಮಾಲತೇಶ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಅಡ್ಮಿಟ್ ಆಗಲು ಇಷ್ಟು ಹುರುಪಿನಿಂದ ಬರುವವರನ್ನು ಆ ವಾರ್ಡು ಕಂಡಿರಲಿಕ್ಕಿಲ್ಲ. ಮೇಲೆ ಬಾಗಿಲ ಬಳಿ ಮೇಜಿನ ಹಿಂದೆ ಸಿಸ್ಟರ್ ಶ್ವೇತಾ ಕುಂತಿದ್ದಳು. ಎದುರಿನ ಬಾಕಿನ ಮೇಲೆ ರೋಗಿಗಳ ಕಡೆಯವರು.

“ಪೇಷಂಟ್ ಯಾರ್ರಿ?”

“ನಾನರಿ.”

“ಜೋಡಿ?” ಎಂದಳು. ಜೊತೆಗೆ ಏನು ತಂದಿದ್ದೀರಿ ಎಂದು ಕೇಳಿದಳೆಂದುಕೊಂಡು ಮಾಲತೇಶ ಚೀಲ ಎತ್ತಿ ತೋರಿಸಿದ. ಅವಳು ಪೆನ್ನು ಕೆಳಗಿಟ್ಟಳು. “ಚೀಲ ಅಲ್ರಿ ಅಣ್ಣಾರ. ಜೋಡಿ ಮನಷ್ಯಾರು ಯಾರ ಬಂದಾರ? ಈ ವಾರ್ಡಿಗೆ ಪೇಷಂಟ್ ಜೋಡಿ ಒಬ್ಬರು ಅಟೆಂಡರ್ ಇರಾಕಬೇಕು. ಇಲ್ಲಾಂದ್ರ ತಗೊಳಾಕ ಬರೂದಿಲ್ಲ.”

ಯೋಜನೆಯಲ್ಲಿ ಚಾದರದ ಬಣ್ಣದವರೆಗೆ ಎಲ್ಲ ಇತ್ತು. ಇದೊಂದು ಇರಲಿಲ್ಲ. ಮಾಲತೇಶ ಮೂಲೆಗೆ ಹೋಗಿ ತಮ್ಮನಿಗೆ ಫೋನ್ ಮಾಡಿದ.

“ಎಲ್ಲದೀ ಅಣ್ಣಾ? ಗಿರಣಿ ಮುಂದ ಮಂದಿ ನಿಂತಾರ.”

“ಶಿಗ್ಗಾಂವ್ಯಾಗ ಅದೇನಿ. ಅಡ್ಮಿಟ್ ಆಗಾಕತ್ತೇನಿ. ನೀ ಬಂದು ಎರಡು ದಿನ ಜೋಡಿ ಇರಬೇಕಂತ.”

ಯಾವ ದವಾಖಾನೆ, ಯಾವ ಡಾಕ್ಟರು ಎಂದು ಕೇಳಿದ ಮೇಲೆ ಪ್ರಭು ಮಂದಿಯಿಂದ ದೂರ ಸರಿದು ಮಾತಾಡಿದ. “ಅಣ್ಣಾ, ತಡಸದಾವ್ರು ಸಂತಿಗೆ, ಬ್ಯಾಂಕಿಗೆ, ಎಲ್ಲಾಕ್ಕೂ ಶಿಗ್ಗಾಂವಿಗೇ ಬರ್ತಾರ. ನೀ ಒಬ್ಬನ ಕಂಡ್ರ ಗ್ಯಾಸ್ ಅನ್ನಬಹುದು. ನಾನೂ ಬಾಗಲದಾಗ ಕುಂತಿದ್ದು ಕಂಡ್ರ ಏನನ್ನಲಿ? ತನುಜಾನ ಮುಖಾ ನೋಡು. ಅಕ್ಷತಿ ಬೀಳಲಿ, ಆಮ್ಯಾಲೆ ತಿಂಗಳಗಟ್ಟಲೆ ಬೇಕಾದ್ರ ಕುಂದರ್ತೇನಿ.” ಫೋನ್ ಇಡುವ ಮುಂಚೆ ದನಿ ಮೆತ್ತಗಾಯಿತು. “ಉಂಡಿಯಿಲ್ಲೋ? ಏನರ ತಿಂದು ಬಸ್ ಹತ್ತು.”

ಆಮೇಲೆ ಫಕ್ಕೀರಪ್ಪನಿಗೆ.

“ಅಡ್ಮಿಟ್ಟಾ? ಭೇಷ್! ಕಲ್ಲೇನು? ನಾ ಅಂದಿದ್ನೆಲ್ಲ, ನಿಂದು ಗ್ಯಾಸ್ ಅಲ್ಲ ಕಲ್ಲು ಅಂತ! ನೀ ಊರಿಗೆ ಬಂದ ದಿನಾನ ನಾನೂ ನಿಮ್ಮ ಕಾಕೀನೂ ಮಾತಾಡ್ಸಾಕ ಬರ್ತೇವಿ.”

“ಅಡ್ಮಿಟ್ ಆಗಾಕ ಮೊದ್ಲ ಒಬ್ಬರು ಬರಬೇಕ್ರಿ ಕಾಕಾ. ಒಂದು ದಿನ ಬಂದ್ರೂ ಸಾಕು.”

“ಅಡ್ಮಿಟ್ ಆಗೂಕಿಂತ ಮೊದ್ಲ ಮಾತಾಡ್ಸಾಕ ಬರೂ ಪದ್ಧತಿ ಎಲ್ಲೈತೋ ಹುಚ್ಚಪ್ಯಾಲಿ? ಮತ್ತ ನನ್ನ ಹೊಲಿಗಿ ಇನ್ನೂ ಹಸೀ ಐತಿ—” ಎನ್ನುವಷ್ಟರಲ್ಲಿ ರೇಂಜು ಹೋಯಿತು.

ಬಾಕಿನ ಮೇಲಿದ್ದವರೆಲ್ಲ ಕೇಳಿಸಿಕೊಂಡಿದ್ದರು. ಅವರಲ್ಲಿ ಹಿರೇಕೆರೂರಿನ ಹೊಳಬಸಪ್ಪ ಎಂಬೊಬ್ಬ, ಒಳಗಿದ್ದ ಹೆಂಡತಿಗಾಗಿ ವಾರದಿಂದ ಅಲ್ಲೇ ಇದ್ದವನು, ಎದ್ದು ಬಂದ. “ಸಿಸ್ಟರ್, ನಾ ಹೆಂಗೂ ಇಲ್ಲೇ ಇರ್ತೇನಿ. ನಮ್ಮಾಕೀನ್ನ ನೋಡಿಕೊಳ್ಳೂದ್ರಾಗ ಇವರಿಗೂ ಒಂದು ಲೋಟ ನೀರು ಕೊಡ್ತೇನೇಳ್ರಿ. ಬರ್ಕೊಳ್ರಿ ನನ್ನ ಹೆಸರು.”

ಮಾಲತೇಶ ಅವನಿಗೆ ಕೈಮುಗಿದ. ಶ್ವೇತಾ ಫೋನಿನಲ್ಲಿ ಯಾರನ್ನೋ ಕೇಳಿದಳು, ತಲೆಯಾಡಿಸಿದಳು. “ಒಬ್ಬ ಪೇಷಂಟಿಗೆ ಒಬ್ಬರ ಅಟೆಂಡರಂತ್ರಿ. ಮತ್ತ ಅವರ ಮನಿಯವರ ಆಗಿರಬೇಕು.”

“ಅಟೆಂಡರ್ ಏನು ಮಾಡಬೇಕ್ರಿ?” ಎಂದು ಮಾಲತೇಶ ಕೇಳಿದ.

“ಉಂಡಾರೋ ಇಲ್ಲೋ ನೋಡಬೇಕು. ಗುಳಿಗಿ ನೆನಪು ಮಾಡಬೇಕು. ನಿದ್ದಿ ಬರಲಿಲ್ಲಾಂದ್ರ ಎದ್ದು ಕುಂದರಬೇಕು ಜೋಡಿ.”

“ಅದನ್ನೆಲ್ಲಾ ನಾನ ಮಾಡ್ಕೊಳಾಕತ್ತೇನಲ್ರಿ ಇಷ್ಟು ದಿನ. ನಮ್ಮ ಮನಿಯವನೂ ಹೌದು ನಾ. ಬರ್ಕೊಳ್ರಿ. ಪೇಷಂಟ್ ಮಾಲತೇಶ, ಅಟೆಂಡರೂ ಮಾಲತೇಶ.”

ಬಾಕಿನ ಮೇಲೆ ಯಾರೋ ಕಿಸಕ್ಕೆಂದರು. ಶ್ವೇತಾ ನಗಲಿಲ್ಲ. ಚೀಟಿಯನ್ನು ಮಡಚಿ ಅವನ ಕಡೆ ಸರಿಸಿದಳು.

“ಸಿಟ್ಟಾಗಬ್ಯಾಡ್ರಿ ಅಣ್ಣಾರ. ಗುಳಿಗಿ ಬರದ ಕೊಟ್ಟಾರ, ತಗೊಳ್ರಿ. ಮುಂದಿನ ವಾರ ಮನಿಯವರನ್ನ ಕರಕೊಂಡ ಬರ್ರಿ, ಆಗ ತಗೋತೇವಿ. ನಿಮ್ಮ ಒಳ್ಳೇದಕ್ಕ ಮಾಡಿದ ರೂಲ್ಸ್ ಇದು. ಈ ರೋಗದಾವ್ರು ಒಬ್ಬರ ಇರಬಾರದು.”

“ನಾನೂ ಅದಕ್ಕ ಬಂದಿದ್ನೆವಾ,” ಎಂದ ಮಾಲತೇಶ.